ಎಂಟು ವಾಲ್ವು

ಲ್ಯಾಂಡ್‌ಮಾಸ್ಟರ್ ಅಂಗಳದಲ್ಲಿ,
ಅದರ ಎಂಜಿನ್ನು ನನ್ನ ಅಡುಗೆಮನೆಯಲ್ಲಿ.
ಕೌಲ್ ಬಜಾರಿನ ಈ ಬಿಸಿಲಿಗೆ
ಹೊರಗಿಟ್ಟ ಕಬ್ಬಿಣ ಕೈ ಸುಡುತ್ತದಂತೆ.

ರೊಟ್ಟಿ ಹಂಚಿನ ಪಕ್ಕ ಹೆಡ್ಡು.
ಹಿಟ್ಟು ನಾದುವ ಪರಾತದಲ್ಲಿ ಸೀಮೆಎಣ್ಣೆ,
ಅದರೊಳಗೆ ನಾಲ್ಕು ಪಿಸ್ಟನ್ನು.
ಬಿಚ್ಚಿದ ಬೋಲ್ಟುಗಳಿಗೆಲ್ಲ
ಹೊಲಿಗೆ ಕೆಲಸದಿಂದ ನಾನು ತಂದ ಜೀನ್ಸ್ ಚೀಟಿ:
ಮೂವತ್ತೆರಡು, ಮೂವತ್ತನಾಲ್ಕು.
ಯಾವ ಸೊಂಟ ಎಲ್ಲಿಯದೆಂದು
ಪಂಪಾಪತಿಗಷ್ಟೇ ಗೊತ್ತು.

ಸಂಪು ಇಳಿಸಿದ ದಿನ
ತಳದಲ್ಲಿ ಕೆಸರು, ಹಳೆಯ ಕುಂಕುಮದ ಬಣ್ಣ.
ಬೆರಳಲ್ಲಿ ತಿಕ್ಕಿ ಅಂದ:
"ಅದಿರು. ಸಂಡೂರು ರಸ್ತಿ ಧೂಳು.
ಇದನ್ನ ಓಡಿಸ್ತಿದ್ದ ಅಪ್ಪನ ಎದಿಯಾಗೂ ಇದೇ ಇತ್ತು."
ಅವತ್ತು ಮತ್ತೆ ಮಾತಾಡಲಿಲ್ಲ.

ಬೋರಿಂಗು ದಾದಾಪೀರನ ಲೇತಿನಲ್ಲಿ ಮುಗಿಯಿತು.
ಉಳಿದದ್ದು ವಾಲ್ವು ಕೂಡಿಸುವುದು.
ಪೇಸ್ಟು ಬಳಿದು, ಕೋಲನ್ನು ಅಂಗೈಗಳ ನಡುವೆ
ಎಡಕ್ಕೆ, ಬಲಕ್ಕೆ, ಎತ್ತಿ, ಮತ್ತೆ.
ಅವನದು ಬರೀ ಜೋರು.
"ಅತ್ತ ಸರಿ" ಅಂದೆ.
ಇದು ಮಜ್ಜಿಗೆ ಕಡೆಯುವುದಲ್ಲವೇನು?
ಬೆಣ್ಣೆ ಬರುವಾಗ ಸದ್ದು ಬದಲಾಗುತ್ತದೆ,
ಕಿವಿಗಿಂತ ಮೊದಲು ಕೈಗೆ ತಿಳಿಯುತ್ತದೆ.
ಇಲ್ಲೂ ಹಾಗೇ. ಕರಕರ ಹೋಗಿ ಮೆತ್ತಗಾಯಿತು.
ಒರೆಸಿದರೆ ಬೂದುಬಣ್ಣದ ಉಂಗುರ,
ಎಲ್ಲೂ ತುಂಡಾಗದ್ದು.

ಎಂಟೂ ನಾನೇ ಮಾಡಿದೆ, ಮೂರು ರಾತ್ರಿ.

ಎಂಜಿನ್ನಿನ್ನೂ ಹತ್ತಿಲ್ಲ,
ಕಾರ್ಬುರೇಟರ್ ಕೋಲ್ಕತ್ತದಿಂದ ಬರಬೇಕು.
ಆದರೆ ಹಿಡಿಕೆ ಹಾಕಿ ತಿರುವಿದರೆ
ಒಳಗಿನ ಗಾಳಿ ಸೋರದೆ
ನಮ್ಮ ಕೈಯನ್ನೇ ಹಿಂದಕ್ಕೆ ದೂಡುತ್ತದೆ.
ಪಕ್ಕದ ಮನೆಯ ನೂರುನ್ನಿಸಾಳನ್ನು ಕರೆದು
ಅವಳ ಕೈಗೂ ಹಿಡಿಕೆ ಕೊಟ್ಟೆ.

ರೊಟ್ಟಿ ಮಾತ್ರ ಇನ್ನೂ ಸೀಮೆಎಣ್ಣೆ ನಾರುತ್ತದೆ.
ಅವನ ಪೆಟ್ರೋಲಿಗಿಂತ ಮೊದಲು
ನನಗೊಂದು ಪರಾತ ಬರಬೇಕು.