ಆಗದ ಗೋಲುಗಳ ಲೆಕ್ಕ

ದಕ್ಕೆಯಲ್ಲಿ ನಾನು ರೈಟರು.
ಅಂದರೆ ಕತೆಯವನಲ್ಲ, ಮೀನಿನ ಲೆಕ್ಕದವನು.
ಎಷ್ಟು ಬುಟ್ಟಿ ಬಂಗುಡೆ, ಎಷ್ಟು ಬೂತಾಯಿ,
ಐಸಿಗೆ ಎಷ್ಟು, ಡೀಸೆಲಿಗೆ ಎಷ್ಟು.
ಇಪ್ಪತ್ತೆರಡು ವರ್ಷದಿಂದ ಬಂದದ್ದನ್ನು ಬರೆಯುತ್ತೇನೆ,
ಬಂದದ್ದನ್ನು ಮಾತ್ರ.

ಬೆಂಗ್ರೆಯ ಮಿದ್ಲಾಜ್, ಹತ್ತನೇ ಕ್ಲಾಸು ಮುಗಿಸಿದ ಹುಡುಗ,
ಉಮ್ಮ ಸೀಗಡಿ ಸುಲಿಯುವ ಶೆಡ್ಡಿನಿಂದ ಬರುವ ಮೊದಲೇ
ಹೊಳೆ ದಾಟಿ ಬಂದು ನನ್ನ ಮೇಜಿನ ಮೇಲೆ
ಒಂದು ಫಾರಂ ಇಟ್ಟ.
ಘಟ್ಟದ ಬುಡದ ಯಾವುದೋ ಕಾಲೇಜು,
ಆಟದ ಕೋಟಾ, ಫೀಸಿಲ್ಲ, ಹಾಸ್ಟೆಲು ಊಟ ಫ್ರೀ.
‘ರೈಟರಣ್ಣ, ನಿಮ್ಮ ಇಂಗ್ಲಿಷು ಚಂದ ಉಂಟಂತೆ.’

ಹೆಸರು ಬರೆದೆ. ತಂದೆಯ ಹೆಸರು ಬರೆದೆ,
ಅದರ ಮುಂದೆ ಸಣ್ಣದಾಗಿ, ಲೇಟ್.
ಆಡುವ ಜಾಗ: ಸ್ಟಾಪರ್ ಬ್ಯಾಕ್.
ಹೊಡೆದ ಗೋಲುಗಳು:
ಪೆನ್ನು ನಿಂತಿತು.
‘ಸೊನ್ನೆ’ ಅಂದ,
ಬಸ್ಸಿನ ಟಿಕೇಟಿಗೆ ಎಷ್ಟೆಂದು ಹೇಳಿದ ಹಾಗೆ.

ಎತ್ತರ ಐದು ಆರು. ನಾನು ಐದು ಎಂಟು ಬರೆದೆ.
ಮೀನಿನ ಜೊತೆ ಐಸಿನ ನೀರನ್ನೂ ತೂಗಿದ ಕೈ ಇದು,
ಎರಡಿಂಚು ಇದಕ್ಕೆ ಯಾವ ಭಾರ?
ಹುಡುಗ ಪೆನ್ನು ಕಸಿದು ಅದನ್ನು ಹೊಡೆದು ಹಾಕಿದ.
‘ಅಲ್ಲಿ ಟೇಪು ಉಂಟು ಅಣ್ಣ.’

ವಿಡಿಯೋ ಬೇಕಂತೆ, ಐದು ನಿಮಿಷದ್ದು.
ಭಾನುವಾರ ಅಳಿಯ ಪ್ರೀತೇಶನ ಮೊಬೈಲು ಹಿಡಿದು
ಫೆರಿ ಹತ್ತಿದೆ.
ಬೆಂಗ್ರೆಯ ಮರಳಿನ ಮೈದಾನ,
ಈಚೆ ಹೊಳೆ, ಆಚೆ ಕಡಲು,
ಚೆಂಡು ಎತ್ತ ಹಾರಿದರೂ ಒದ್ದೆಯಾಗಿಯೇ ಬರುವುದು.

ಇಡೀ ಮ್ಯಾಚು ಹಿಡಿದೆ. ರಾತ್ರಿ ಕೂತು ನೋಡಿದರೆ
ಎಂಥದೂ ಇಲ್ಲ ಮಾರಾಯ್ರೆ!
ಚೆಂಡು ಇರುವಲ್ಲಿ ಇವನಿಲ್ಲ.
ಎದುರಿನವ ಗಾಳಿಯ ಹಾಗೆ ನುಗ್ಗುತ್ತಾನೆ,
ಇವನು ಎರಡು ಹೆಜ್ಜೆ ಎಡಕ್ಕೆ ಸರಿದು
ಬಸ್ಸಿಗೆ ಕಾಯುವವನ ಹಾಗೆ ನಿಲ್ಲುತ್ತಾನೆ. ಅಷ್ಟೇ.
ಪಾಸು ಕೊಡಬೇಕಾದವ ಕೊಡುವುದಿಲ್ಲ.
ಓಡಬೇಕಾದವನ ಕಾಲು
ಯಾಕೋ ಮನಸ್ಸು ಬದಲಿಸುತ್ತದೆ.

ಮೂರನೇ ಸಲ ನೋಡುವಾಗ ಗಂಟೆ ಎರಡು.
ಎದ್ದು ಲೆಡ್ಜರಿನ ಹಿಂದಿನ ಪುಟಕ್ಕೆ ಗೆರೆ ಎಳೆದೆ:
ಹನ್ನೊಂದನೇ ನಿಮಿಷ, ಒಂದು ಗೋಲು ಆಗಲಿಲ್ಲ.
ಇಪ್ಪತ್ತಾರು, ಆಗಲಿಲ್ಲ.
ನಲವತ್ತು, ಆಗಲೇಬೇಕಿತ್ತು,
ಇವನು ಮೊದಲೇ ಹೋಗಿ ಅಲ್ಲಿ ನಿಂತಿದ್ದ,
ಆಗಲಿಲ್ಲ.

ಬಾರದ್ದನ್ನು ನಾನು ಬರೆದದ್ದು ಇದು ಎರಡನೇ ಸಲ.
ಮೊದಲನೆಯದು ಹತ್ತು ವರ್ಷದ ಹಿಂದಿನ ಪುಸ್ತಕದಲ್ಲಿ
ಒಂದು ಬೋಟಿನ ಹೆಸರಿನ ಮುಂದೆ ಉಂಟು.
ಹುಡುಗ ಆ ಪುಸ್ತಕ ಕೇಳಿಲ್ಲ.
ನಾನೂ ತೆಗೆದಿಲ್ಲ.

ವಿಡಿಯೋದ ಜೊತೆ ಆ ಪುಟದ ಫೋಟೋ ಕಳಿಸಿದೆ.
ಕಾಲೇಜಿನ ಕೋಚು ಫೋನು ಮಾಡಿ ನಕ್ಕರು,
‘ಇದೆಂಥ ಪಟ್ಟಿ, ಆಗದ ಗೋಲಿನದ್ದು?’
ನಕ್ಕು ಮುಗಿದ ಮೇಲೆ ಸ್ವಲ್ಪ ಹೊತ್ತು ಲೈನಿನಲ್ಲಿ
ಏನೂ ಇರಲಿಲ್ಲ.
‘ಆ ನಲವತ್ತನೇ ನಿಮಿಷ ಇನ್ನೊಮ್ಮೆ ನೋಡಿದೆ.
ಗುರುವಾರ ಟ್ರಯಲ್ಸು. ಬೂಟು ಅವನೇ ತರಲಿ.’

ಅವನ ಬೂಟು ಮೂವರದ್ದು.
ಉಳಿದಿಬ್ಬರು ಗುರುವಾರ ಬರಿಗಾಲಲ್ಲಿ ಆಡಿದರು.
ಸೀಗಡಿ ಕಂಪೆನಿಯ ಪ್ಲಾಸ್ಟಿಕ್ ಚೀಲದಲ್ಲಿ ಅದನ್ನು ಹಾಕಿ
ಮೊದಲ ಫೆರಿಗೆ ಬಂದ, ಬಸ್ಸಿಗೆ ಹೋದ.
ಆ ದಿನ ನಾನು ಅಂಜಲ್ ಬರೆಯುವಲ್ಲಿ
ಬಂಗುಡೆ ಬರೆದು ಬೈಸಿಕೊಂಡೆ.

ಕೊನೆಯ ಫೆರಿಯ ಹೊತ್ತಿಗೆ ವಾಪಸು ಬಂದ.
ಮೊಣಕಾಲಲ್ಲಿ ಕೆಂಪು ಮಣ್ಣು, ನಮ್ಮ ಮರಳಲ್ಲ.
ಮುಖ ನೋಡಿದರೆ ಎಂಥದೂ ಗೊತ್ತಾಗುವುದಿಲ್ಲ,
ಸ್ಟಾಪರ್ ಅಲ್ವಾ.
‘ಎಂಥ ಹೇಳಿದರು ಮಾರಾಯ?’
‘ಹೇಳುತ್ತಾರಂತೆ.’
ಫೆರಿಯ ಹಗ್ಗ ಬಿಚ್ಚುವಾಗ ಹಾರಿ ಹತ್ತಿದ,
ನೀರು ಅಗಲವಾದ ಮೇಲೆ ಅಲ್ಲಿಂದಲೇ ಕೂಗಿದ:
‘ಅಳತೆ ಮಾಡಿದರು ಅಣ್ಣ!
ಐದು ಆರೂವರೆ!’