ನಡುಹೊಳೆಯ ಮತ

ಚೀಟಿ ಇರಲಿಲ್ಲ ಆಗ. ಗುಟ್ಟೂ ಇರಲಿಲ್ಲ.
ಮೇಜಿನ ಮುಂದೆ ನಿಂತು, ಟೋಪಿ ತೆಗೆದು,
ನೆರೆದವರಿಗೆಲ್ಲ ಕೇಳುವ ಹಾಗೆ ಹೆಸರು ಹೇಳಬೇಕು.
ನಾನು ಬರೆದುಕೊಳ್ಳಬೇಕು. ಅಷ್ಟೇ ನನ್ನ ಕೆಲಸ:
ದಿನಕ್ಕೆ ಹತ್ತು ಶಿಲಿಂಗು, ನಡುಹಗಲಿಗೆ ತಣ್ಣಗಾದ ಕುರಿಮಾಂಸ.

ಸಾವಿರದ ಎಂಟುನೂರ ಅರವತ್ತಾರು,
ನ್ಯೂಜಿಲೆಂಡಿನ ತೆಂಕಣ ದ್ವೀಪ, ವೈಕಾರಾ ಹೊಳೆ.
ಹೊಳೆಯೇ ಗಡಿ. ಆಚೆ ಕಿಲ್‌ಬ್ರೈಡ್ ಕ್ಷೇತ್ರ, ಈಚೆ ಗ್ಲೆನ್‌ಟರ್ಕ್.
'ಹರಿವಿನ ನಟ್ಟನಡುವೆ' ಎಂದಿತ್ತು ಕಾಯ್ದೆ.
ಸರ್ವೆಯವರು ನೀಲಿ ಶಾಯಿಯಲ್ಲಿ ಎಳೆದ ಗೆರೆ
ನಕಾಶೆಯ ಮೇಲೆ ಒಣಗಿ ಎರಡು ವರ್ಷ.
ಹೊಳೆ ಮಾತ್ರ ಒಣಗಿರಲಿಲ್ಲ.
ಹಿಮ ಕರಗಿದ ಒಂದು ರಾತ್ರಿ ಮಗ್ಗುಲು ಬದಲಿಸಿ
ಅಂಬಿಗ ಮ್ಯಾಗ್ನಸ್ ಇಸ್ಬಿಸ್ಟರನ ಮುಂಬಾಗಿಲು ಬಿಟ್ಟು
ಹಿತ್ತಿಲಿಗೆ ಹೋಗಿ ಮಲಗಿತ್ತು.

ಒಂಬತ್ತಕ್ಕೆ ಬಂದ. ಪಟ್ಟಿಯಲ್ಲಿ ಹೆಸರಿತ್ತು,
ನೆಲ ಇರಲಿಲ್ಲ.
'ನಿನ್ನ ಮನೆ ಈಗ ಆಚೆಯದು' ಎಂದರು ಅಧಿಕಾರಿ ಗಿಲ್‌ಕ್ರಿಸ್ಟ್.
ದೋಣಿ ತಿರುಗಿಸಿಕೊಂಡು ಹೋದ.
ಅಲ್ಲಿ ನೆಲವಿತ್ತು,
ಹೆಸರಿರಲಿಲ್ಲ.
ಮತ್ತೆ ಬಂದ, ಮೊಣಕಾಲ ತನಕ ಒದ್ದೆ.
'ಮನೆ ಅಲುಗಿಲ್ಲ ಸ್ವಾಮಿ, ಒಂದು ಗೂಟ ಅಲುಗಿಲ್ಲ.'
'ಮನೆಯ ಮೇಲೆ ದೂರಿಲ್ಲವಯ್ಯ' ಎಂದು ನಕ್ಕರು ಗಿಲ್‌ಕ್ರಿಸ್ಟ್.
ನಾನು ಬರೆದೆ, ದುಂಡಗೆ: ತಿರಸ್ಕೃತ.

ಆಗಲೇ ಬಂದದ್ದು ವೆಡರ್‌ಬರ್ನ್ ದೊರೆಯ ಕುದುರೆ.
ಮೊನ್ನೆ ಒಂದು ಕ್ಷೇತ್ರ, ನಿನ್ನೆ ಒಂದು, ಇವತ್ತು ಇಲ್ಲಿ,
ನಾಳೆಗೂ ಒಂದಿದೆಯಂತೆ.
ಎಲ್ಲೆಲ್ಲಿ ಬೇಲಿಯೋ ಅಲ್ಲಲ್ಲಿ ಬಾಯಿ.
ಬೂಟಿಗೆ ಮೂರು ಬಣ್ಣದ ಕೆಸರು.
ಹೆಸರು ಹೇಳಿದ. ಅವನ ದನಿಗೆ ನನ್ನ ದೌತಿ ನಡುಗಿತು.

ಹೊರಗೆ ಬುಟ್ಟಿ ತುಂಬ ಹಾವುಮೀನು ಇಟ್ಟುಕೊಂಡು
ಹೀನೇಪಾರೆ ಕೂತಿದ್ದಳು, ಅಳಿವೆಯ ಕಡೆಯವಳು.
ಹೆಂಗಸು, ಅದು ಹಾಗಿರಲಿ; ಅವಳ ಅಣ್ಣಂದಿರಿಗೂ ಇಲ್ಲಿ ಹೆಸರಿಲ್ಲ.
ಅವರ ನೆಲ ಎಲ್ಲರದು,
ಎಲ್ಲರದಾದ್ದರಿಂದ ಯಾರದೂ ಅಲ್ಲ. ಕಾಯ್ದೆಯ ಗಣಿತ.
ಮೀನು ತೂಗುತ್ತ ಅಂದಳು:
'ಇದು ನಡೆಯುವ ಹೊಳೆ. ನೀವು ಮಲಗಿದ್ದಾಗ ಅಳೆದಿರಿ.'
ನಾನು ಚಿಲ್ಲರೆ ಎಣಿಸಿಕೊಂಡೆ.

ಸಂಜೆ. ತಂತಿ ಕಚೇರಿ ಇದ್ದದ್ದು ಆಚೆ ದಂಡೆಯಲ್ಲಿ.
ಪುಸ್ತಕವನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ, ಅರಗು ಒತ್ತಿ,
ಮಗುವಿನ ಹಾಗೆ ಎದೆಗವಚಿಕೊಂಡು
ದೋಣಿ ಹತ್ತಿದೆ. ಹೊಳೆ ದಾಟುವ ತನಕ ಅಂಬಿಗನೇ ಅಣ್ಣ.
ನಡುವೆ ಬಂದಾಗ ಹುಟ್ಟು ಎತ್ತಿದ.
ಹನಿ. ಹನಿ. ಹನಿ.

'ಈಗ ಹೇಳು ಗುಮಾಸ್ತ, ನಾವು ಯಾವ ಕ್ಷೇತ್ರ?'
ನೋಡಿದೆ. ಎಡಕ್ಕೆ ಬೆಣಚುಕಲ್ಲು, ಬಲಕ್ಕೆ ಬೆಣಚುಕಲ್ಲು.
'ಗೆರೆಯ ಮೇಲೆ' ಅಂದೆ.
'ಅಂದರೆ ಎರಡರದೂ.'
'ಅಥವಾ ...'
'ಬರೆದುಕೋ.'
ಎದ್ದು ನಿಂತ. ದೋಣಿ ಓಲಾಡಿತು.
ಟೋಪಿ ತೆಗೆದ; ಬೋಳುತಲೆಯ ಮೇಲೆ ಟೋಪಿಯದೇ ಕೆಂಪು ಗಡಿ.
ಹೆಸರು ಹೇಳಿದ, ಎರಡೂ ದಂಡೆಗೆ ಕೇಳುವ ಹಾಗೆ.
ದೂರದಲ್ಲೊಂದು ಬಾತು ಹಾರಿಹೋಯಿತು.

ಐದೂಕಾಲು ಆಗಿತ್ತು ನನ್ನ ಜೇಬಿನಲ್ಲಿ.
ನಾಲ್ಕಕ್ಕೇ ಮುಗಿದಿತ್ತು ಮತ. ಅದನ್ನು ಹೇಳಲಿಲ್ಲ.
ತೊಡೆಯ ಮೇಲೆ ಬರಿಬೆರಳು ಆಡಿಸಿದೆ, ಬರೆಯುವ ಹಾಗೆ.
ಆ ಹೊತ್ತು ಅದನ್ನು ದಯೆ ಅಂದುಕೊಂಡಿದ್ದೆ.
ನಲವತ್ತೊಂದು ಮತದ ಅಂತರ; ಒಂದರಿಂದ ಏನೂ ಆಗುತ್ತಿರಲಿಲ್ಲ,
ಎಷ್ಟು ಸಲ ಹೇಳಿಕೊಂಡಿದ್ದೇನೆ.
ಅವನು ಯಾರ ಹೆಸರು ಹೇಳಿದ ಎಂಬುದೇ ಈಗ ಮರೆತಿದೆ.

ನನ್ನ ಬೆರಳನ್ನೇ ನೋಡಿದ. ಕೂತ. ಹುಟ್ಟು ಹಾಕಿದ.
ದಡ ಮುಟ್ಟಿದ ಮೇಲೆ ಅಂಗೈ ಚಾಚಿದ:
'ನಿನಗೆ ಆರು ಪೆನ್ನಿ.
ಆ ಗಂಟಿಗೆ ಬೇರೆ. ಒಂದು ಕುರಿಯ ದರ.'
ಕೊಟ್ಟೆ.