ಕಿರುಬೆರಳ ಅಳತೆ

ಆನವಟ್ಟಿ ರಸ್ತೆಯ ಗೋದಾಮಿನಲ್ಲಿ
ನನ್ನ ಕೆಲಸ ತೂತು ನೋಡುವುದು.
ಹೊಗೆಸೊಪ್ಪಿನ ಎಲೆಯನ್ನು ಬಾಗಿಲ ಬೆಳಕಿಗೆ ಹಿಡಿದರೆ
ಹುಳ ಎಲ್ಲೆಲ್ಲಿ ಉಂಡು ಎದ್ದು ಹೋಯಿತೋ
ಅಲ್ಲಲ್ಲೆಲ್ಲ ಹಗಲು ಇಣುಕುತ್ತದೆ.

ತೂತಿಲ್ಲದ್ದು ಮೊದಲ ರಾಶಿಗೆ.
ಎಳ್ಳುಕಾಳಿನಷ್ಟಿದ್ದರೆ ಎರಡಕ್ಕೆ.
ಕಿರುಬೆರಳು ತೂರಿದರೆ ಮೂರಕ್ಕೆ.
ಹಾಗಂತ ಮೌಲಾಸಾಬರು ಕಲಿಸಿದ್ದು
ತಮ್ಮದೇ ದಪ್ಪ ಕಿರುಬೆರಳು ತೋರಿಸಿ.
ಆಮೇಲೆ ನನ್ನ ಕೈ ನೋಡಿ ನಕ್ಕರು:
"ನಿಂದು ಕಡ್ಡಿಯಂಥ ಬೆರಳು ದುರುಗವ್ವ,
ಲಾಭ ನನಗೇ."

ಹುಳ ಇಷ್ಟಗಲ ಬಾಯಿ ತೆರೆಯುವುದಿಲ್ಲ.
ಸುಳಿಯಲ್ಲಿ ಎಲೆ ಇಲಿಯ ಕಿವಿಯಷ್ಟಿರುವಾಗ
ಒಂದೇ ಸಲ ಕಡಿಯುತ್ತದೆ, ಸೂಜಿಮೊನೆಯಷ್ಟು.
ಆಮೇಲೆ ಎಲೆ ಬೆಳೆಯುತ್ತದೆ.
ಜೊತೆಗೆ ತೂತೂ ಬೆಳೆಯುತ್ತದೆ.
ಹಾಕಿದ ಗೊಬ್ಬರ ಎರಡಕ್ಕೂ.
ಆಷಾಢದಲ್ಲಿ ಯಾರ ಕಣ್ಣಿಗೂ ಬೀಳದ ಚುಕ್ಕಿ
ದೀಪಾವಳಿ ಕಳೆದು ತಕ್ಕಡಿಗೆ ಬರುವಾಗ
ಕೇಜಿಗೆ ಹನ್ನೊಂದು ರೂಪಾಯಿ.

ಅದನ್ನು ನನಗೆ ಹೇಳಿಕೊಟ್ಟವರು ಹಾಲೇಶಪ್ಪ.
ನಾನಾಗ ಮೂರನೇ ಕ್ಲಾಸು.
ಹತ್ತು ಹುಳಕ್ಕೆ ನಾಲ್ಕಾಣೆ.
ಮಬ್ಬುಗತ್ತಲಲ್ಲಿ ಬ್ಯಾಟರಿ ಹಿಡಿದು
ಸೀಮೆಎಣ್ಣೆ ಡಬ್ಬಿಯೊಂದಿಗೆ ಸಾಲಿಗೆ ಇಳಿದರೆ
ಎಲೆಯ ಅಂಟು ಮೊಣಕೈವರೆಗೆ ಹತ್ತಿ
ತಲೆ ಗಿರ್ರೆಂದು ಬದುವಿನ ಮೇಲೆ ವಾಂತಿ.
ಹುಳ ಮಾತ್ರ ಅದೇ ಎಲೆ ತಿಂದು ತಿಂದು
ತೊಟ್ಟಿಲ ಕೂಸಿನ ಬೆರಳಷ್ಟು ದಪ್ಪ.
ಅದೇ ಸೊಪ್ಪಿನ ಕಷಾಯ ಕಾಸಿ ಪಕ್ಕದ ಹೊಲದವರು
ಬದನೆಯ ಹೇನು ಕೊಲ್ಲುತ್ತಿದ್ದರು.
ವಿಷಕ್ಕೂ ಮುಖ ನೋಡಿ ಮಣೆ ಹಾಕುವ ಬುದ್ಧಿ.

ಒಂದು ವಾರ ನನಗೆ ಸಾಲಿನಲ್ಲಿ ಹುಳ ಸಿಗಲಿಲ್ಲ.
ಮಸಣದ ಬೇಲಿಯಲ್ಲಿ ಔಡಲದ ಗಿಡ ಇತ್ತು,
ಎಲೆ ಜರಡಿ, ತುಂಬ ಹುಳ.
ಗಿಡ ಅಲ್ಲಾಡಿಸಿ ಡಬ್ಬಿ ತುಂಬಿಸಿಕೊಂಡು
ಒಂದೇ ಬೆಳಿಗ್ಗೆ ಎರಡೂವರೆ ರೂಪಾಯಿ ದುಡಿದೆ.
ಹಾಲೇಶಪ್ಪ ಕಡ್ಡಿಯಿಂದ ಕೆದಕಿ ಕೆದಕಿ ಎಣಿಸಿದರು,
ಹುಳದ ನಡುವೆ ಸಿಕ್ಕಿದ್ದ ಔಡಲದ ಚೂರನ್ನು
ಎತ್ತಿ ನನ್ನ ಅಂಗೈಗೆ ಇಟ್ಟರು.
ನನ್ನ ಗಂಟಲು ಒಣಗಿತು.
ದುಡ್ಡು ಪೂರ್ತಿ ಕೊಟ್ಟರು.
"ಅಲ್ಲಿ ಹೊಟ್ಟೆ ತುಂಬದ್ದು ನಾಳೆ ಇಲ್ಲಿಗೇ ಬರೋದು.
ಬುದ್ಧಿವಂತೆ ನೀನು. ಆದರೆ ಗಿಡ ಕಡಿಯಬೇಡ."
ಮುಂದಿನ ವರ್ಷ ಹೊಲದ ಸುತ್ತ
ಅವರೇ ಔಡಲ ಬಿತ್ತಿದರು,
ಹುಳಕ್ಕೆಂದು ಬೇರೆ ಪಂಕ್ತಿ.

ಇವತ್ತು ಅವರ ಮಂಡಿಗೆ ಬಿಚ್ಚಿದೆ.
ಕಟ್ಟಿದ ಗಂಟಿನಿಂದಲೇ ಗುರುತು,
ಎಡಗೈ ಗಂಟು.
ಅವರು ಹೊರಗೆ ಟೆಂಪೋದ ನೆರಳಲ್ಲಿ
ಡ್ರೈವರನ ಹತ್ತಿರ ಈ ಸಲದ ಔಷಧಿಯ ಲೆಕ್ಕ ಹೇಳುತ್ತಿದ್ದಾರೆ:
ನಾಲ್ಕು ಸಲ ಹೊಡೆದದ್ದು, ಆಳಿನ ಕೂಲಿ,
ಐದನೆಯದು ಹೊಡೆದರೆ ಉಳಿಯುವುದಕ್ಕಿಂತ
ಕಳೆಯುವುದೇ ಹೆಚ್ಚೆಂದು ಹುಳಕ್ಕೆ ಬಿಟ್ಟದ್ದು.
ನನ್ನ ಗುರುತು ಅವರಿಗೆ ಸಿಕ್ಕಿಲ್ಲ.
ಸಿಗದಿರಲಿ.

ಎಲೆ ಎತ್ತಿ ಬೆಳಕಿಗೆ ಹಿಡಿದೆ.
ನಡುನರದ ಪಕ್ಕ ದುಂಡಗೆ ಒಂದು ಹಗಲು.
ಕಿರುಬೆರಳು ಇಟ್ಟೆ.
ಸಲೀಸಾಗಿ ಹೋಯಿತು, ಉಂಗುರಕ್ಕೆ ಹೋದ ಹಾಗೆ.

ತಕ್ಕಡಿಯ ಹತ್ತಿರ ಮೌಲಾಸಾಬರ ಕೆಮ್ಮು.
ನಾನು ಬೆರಳು ತೆಗೆದು
ಹೆಬ್ಬೆರಳು ಇಟ್ಟೆ.
ತೂರಲಿಲ್ಲ.

ಎರಡನೆಯ ರಾಶಿ.